ಮರಿಯ ಬಾಲ ಯಾಕೆ ಸುಮ್ಮನಿರುವುದಿಲ್ಲ

ಭೂಮಿ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಯಾವುದಕ್ಕೂ ತನ್ನ ಜಾಗ ಯಾವುದೆಂದೇ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಕೂತ ಗುಡ್ಡ ನಾಳೆ ಎದ್ದು ಹೋಗಿ ಅಲ್ಲಿ ಕೂರುತ್ತಿತ್ತು. ಗಾಳಿ ಮೂಡಣಕ್ಕೆ ಹೊರಟದ್ದು ನಡುದಾರಿಯಲ್ಲಿ ಮರೆತು ಪಡುವಣಕ್ಕೆ ತಿರುಗುತ್ತಿತ್ತು. ಹಳ್ಳವಂತೂ ಒಂದು ಕಡೆ ನೆಟ್ಟಗೆ ಹರಿದದ್ದೇ ಇಲ್ಲ. ಬೆಳಿಗ್ಗೆ ಹಟ್ಟಿಯ ಮುಂದೆ ಇದ್ದರೆ ಸಂಜೆಗೆ ಗುಡ್ಡದ ಬೆನ್ನ ಹಿಂದೆ.

ಇಷ್ಟೆಲ್ಲ ಚಡಪಡಿಸುವ ಲೋಕದಲ್ಲಿ ಒಂದೇ ಒಂದು ಮಾತ್ರ ಸುಮ್ಮನಿತ್ತು. ಅದು ಕುರಿಯ ಬಾಲ. ದೊಡ್ಡ ಟಗರಿನದಾಗಲಿ, ನಿನ್ನೆ ಹುಟ್ಟಿದ ಮರಿಯದಾಗಲಿ, ಬಾಲ ಎನ್ನುವುದು ಹಿಂದುಗಡೆ ಸುಮ್ಮನೆ ಜೋತುಬಿದ್ದಿರುತ್ತಿತ್ತು. ನೊಣ ಕೂತರೂ ಅಲ್ಲಾಡುತ್ತಿರಲಿಲ್ಲ. ಅಷ್ಟು ಸೋಮಾರಿ.

ಆ ಬಾಲವನ್ನು ಮೊದಲು ಅಲ್ಲಾಡಿಸಿದವಳು ಕೆಂಚವ್ವ.

ಕೆಂಚವ್ವ ಕುರಿ ಕಾಯುವ ಹೆಣ್ಣುಮಗಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕಾಲು ನಿಂತರೂ ಅವಳ ಬೆರಳು ನಿಲ್ಲುತ್ತಿರಲಿಲ್ಲ. ತುಪ್ಪುಳ ನೂಲುವ ಕದಿರನ್ನು ತಿರುಗಿಸಿ ತಿರುಗಿಸಿ ಬೆರಳಿಗೆ ಅದೇ ಅಭ್ಯಾಸವಾಗಿ, ಕೈಯಲ್ಲಿ ಕದಿರು ಇಲ್ಲದಾಗಲೂ ಬರೀ ಗಾಳಿಯನ್ನೇ ತಿರುಗಿಸುತ್ತಿದ್ದವು. ಉಣ್ಣುವಾಗಲೂ ತಿರುಗಿಸುತ್ತಿದ್ದವು, ನಿದ್ದೆಯಲ್ಲೂ ತಿರುಗಿಸುತ್ತಿದ್ದವು.

"ಕೈ ಸುಮ್ಕಿಟ್ಕಳೇ ತಾಯಿ," ಎನ್ನುತ್ತಿದ್ದಳು ಅವಳ ಅತ್ತೆ ಮುದ್ದಜ್ಜಿ. "ನಿನ್ ಬೆರಳು ನೋಡ್ತಾ ನನಗೆ ತಲೆ ಸುತ್ತು ಬತ್ತೈತೆ."

ಕೆಂಚವ್ವನ ಬೆರಳಿಗೆ ಆ ಮಾತು ಕೇಳಿಸುತ್ತಲೇ ಇರಲಿಲ್ಲ.

ಅವಳ ಮನಸ್ಸಂತೂ ಬೆರಳಿಗಿಂತ ಹೆಚ್ಚು ಚಡಪಡಿಸುತ್ತಿತ್ತು. ಕುರಿಗಳು ಗಬ್ಬವಾಗಿದ್ದವು, ಮರಿ ಹಾಕುವ ಕಾಲ ಹತ್ತಿರ ಬಂದಿತ್ತು. ಹುಲ್ಲಿನಲ್ಲಿ ಉಣುಗುಗಳು ತುಂಬಿದ್ದವು. ಹಸಿದಾಗ ಎಳ್ಳುಕಾಳಿನಷ್ಟಿರುವ ಈ ಉಣುಗು, ರಕ್ತ ಕುಡಿದಾಗ ಹರಳುಬೀಜದಷ್ಟಾಗುತ್ತದೆ. ಹುಲ್ಲಿನ ತುದಿಗೆ ಹತ್ತಿ, ಮುಂಗಾಲು ಚಾಚಿ, ಎತ್ತಿಕೋ ಎನ್ನುವ ಕೂಸಿನ ಹಾಗೆ ಕಾಯುತ್ತದೆ. ಕುರಿ ಹತ್ತಿರ ಬಂದರೆ ಹಿಡಿದುಕೊಂಡುಬಿಡುತ್ತದೆ. ಕಿವಿಯೊಳಗೆ, ಕಾಲಿನ ಸಂದಿಯಲ್ಲಿ, ಕೆಚ್ಚಲಿನ ಮೇಲೆ. ಒಮ್ಮೆ ಕೂತರೆ ಮುಗಿಯಿತು.

ಹಟ್ಟಿಯಲ್ಲಿ ಕರಿಮೂತಿ ಎಂಬ ಕುರಿಯಿತ್ತು. ಮೈ ಬೂದಿ ಬಣ್ಣ, ಮುಖ ಮಾತ್ರ ಕಪ್ಪು. ಹೋದ ಸಲ ಕರಿಮೂತಿ ಮರಿ ಹಾಕಿದಾಗ ಅವಳ ರಕ್ತವೆಲ್ಲ ಉಣುಗುಗಳ ಹೊಟ್ಟೆ ಸೇರಿತ್ತು. ಕೆಚ್ಚಲಿಗೆ ಒಂದು ತೊಟ್ಟು ಹಾಲೂ ಇಳಿಯಲಿಲ್ಲ. ಆ ಮರಿ ಕೆಂಚವ್ವನ ಸೆರಗು ಚೀಪುತ್ತಾ ಚೀಪುತ್ತಾ ಮಲಗಿತು. ಮಲಗಿದ್ದು ಮತ್ತೆ ಏಳಲಿಲ್ಲ.

ಅದನ್ನು ನೆನೆದಾಗಲೆಲ್ಲ ಕೆಂಚವ್ವ ಎದ್ದು ಹೋಗಿ ಕರಿಮೂತಿಯ ಮೈ ತಡವಿ ಬರುತ್ತಿದ್ದಳು. ಈ ಸಲ ಕರಿಮೂತಿಯ ಮರಿ ಬದುಕಲೇಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಅವಳು ಬೇವಿನ ಸೊಪ್ಪು ತಂದಳು, ಲಕ್ಕಿಸೊಪ್ಪು ತಂದಳು, ಬಜೆ ಬೇರು ಕುಟ್ಟಿದಳು. ಎಲ್ಲವನ್ನೂ ಕುದಿಸಿ ಗಟ್ಟಿ ಕಷಾಯ ಮಾಡಿಟ್ಟಳು. ಅದರ ಘಾಟಿಗೆ ಹಟ್ಟಿಯ ಕಾಗೆಗಳು ಬೇರೆ ಮರ ಹುಡುಕಿಕೊಂಡು ಹೋದವು. ಬಂಡೆಯ ನಡುವೆ ನೀರು ನಿಲ್ಲುವ ಒಂದು ಗುಂಡಿಯಿತ್ತು. ಅದಕ್ಕೆ ಹಳ್ಳದ ನೀರು ತುಂಬಿಸಿ, ಕಷಾಯ ಸುರಿದು, ಒಂದೊಂದೇ ಕುರಿಯನ್ನು ಮುಳುಗಿಸಿ ತೆಗೆದರೆ ಉಣುಗು, ಹೇನು ಎಲ್ಲವೂ ಉದುರಬೇಕು.

"ತೊಳೆಯಂಗಿದ್ರೆ ಮರಿ ಹೊಟ್ಟೇಲಿರುವಾಗ್ಲೇ ತೊಳಿ, ಅದೂ ಮೆತ್ತಗೆ," ಎಂದಳು ಮುದ್ದಜ್ಜಿ. "ಮರಿ ಈದ ಮೇಲೆ ಮಾತ್ರ ಮುಟ್ಟಬ್ಯಾಡ."

"ಯಾಕತ್ತೆ?"

"ಯಾಕೋ ಏನೋ. ನಮ್ಮತ್ತೆ ಹಂಗಂತಿದ್ಲು."

ಲೋಕ ಎಷ್ಟೇ ಹೊಸದಾದರೂ ಅತ್ತೆಗೊಬ್ಬಳು ಅತ್ತೆ ಆಗಲೇ ಇದ್ದಳು ನೋಡಿ.

ತೊಳೆಯೋಣವೆಂದು ಹೊರಟರೆ ಹಳ್ಳವೇ ಇಲ್ಲ! ಸೆರಗು ಎತ್ತಿಕೊಂಡು ಓಡುವವಳ ಹಾಗೆ ಗುಡ್ಡ ದಾಟುತ್ತಿತ್ತು.

"ಹಳ್ಳವ್ವಾ, ಒಂದ್ ಗಳಿಗೆ ನಿಲ್ಲೇ!" ಕೆಂಚವ್ವ ಕೂಗಿದಳು.

"ಪುರುಸೊತ್ತಿಲ್ಲ ಕೆಂಚವ್ವ! ಆ ಕಡೆ ಗುಡ್ಡ ಎದ್ದೋಗೈತಂತೆ. ನೋಡ್ಕಂಡ್ ಬತ್ತೀನಿ!"

ಹೋದ ಹಳ್ಳ ಬರಲೇ ಇಲ್ಲ. ಕೆಂಚವ್ವ ಬೆಳಿಗ್ಗೆ ಹೋಗಿ ನೋಡಿದಳು, ಮಧ್ಯಾಹ್ನ ಹೋಗಿ ನೋಡಿದಳು, ಸಂಜೆ ಹೋಗಿ ನೋಡಿದಳು. ಒಣ ಮರಳಷ್ಟೇ ಇತ್ತು. ಕುರಿಗಳು ಕಾಲು ಝಾಡಿಸಿದವು, ಮೈ ಉಜ್ಜಿಕೊಂಡವು, ಮಲಗಿದವು ಮತ್ತೆ ಎದ್ದವು. ಕೆಂಚವ್ವನೂ ಹಾಗೆಯೇ ಮಲಗಿದಳು, ಎದ್ದಳು. ಕೈಯಿಂದ ಕಿತ್ತಷ್ಟೂ ಉಣುಗುಗಳು ಮತ್ತೆ ಹತ್ತಿದವು.

ಅಷ್ಟರಲ್ಲಿ ಕುರಿಗಳು ಈಯತೊಡಗಿದವು. ಒಂದು ಬೆಳಿಗ್ಗೆ ಕರಿಮೂತಿಯೂ ಮರಿ ಹಾಕಿದಳು. ಮರಿಗೂ ಕಪ್ಪು ಮೂತಿ. ಕರಿಮೂತಿ ಅದನ್ನು ನೆಕ್ಕಿದಳು, ಮೂಸಿದಳು, ಗಂಟಲೊಳಗೇ ಏನೋ ಗೊಣಗಿದಳು, ಮತ್ತೆ ಮೂಸಿದಳು. ಹಗಲೂ ರಾತ್ರಿ ಉಣುಗು ಕಿತ್ತದ್ದಕ್ಕೋ ಏನೋ, ಕೆಚ್ಚಲೂ ಈ ಸಲ ತುಂಬಿತ್ತು. ಕೆಂಚವ್ವನ ಕಣ್ಣಲ್ಲಿ ನೀರಾಡಿತು.

ಆದರೆ ಬಗ್ಗಿ ನೋಡಿದರೆ ಏನು? ಇನ್ನೂ ಒದ್ದೆಯಾಗಿದ್ದ ಮರಿಯ ಕಿವಿಯ ಮೇಲೆ ಎಳ್ಳುಕಾಳಿನಂಥದ್ದೊಂದು ಹತ್ತುತ್ತಿತ್ತು. ಅದರ ಹಿಂದೆ ಇನ್ನೊಂದು.

ಸರಿಯಾಗಿ ಆಗಲೇ ಹಳ್ಳ ಏದುಸಿರು ಬಿಡುತ್ತಾ ಬಂದಿತು. "ಬಂದೆ ಕೆಂಚವ್ವ! ಬ್ಯಾಗ ಬ್ಯಾಗ, ನಾನು ಮತ್ತೆ ಹೋಗ್ಬೇಕು!"

"ಬ್ಯಾಡ ಕಣೇ, ಎಲ್ಲಾ ಈದವೆ," ಮುದ್ದಜ್ಜಿ ಅಡ್ಡ ಬಂದಳು. "ನಾಲ್ಕ್ ದಿನ ಕಾಯಿ. ಅಲ್ಲೀತಂಕ ಕೈಯಾಗೆ ಕಿತ್ರಾಯ್ತು."

"ಕಾಯಾದಾ? ಹೋದ್ ಸಲ ಕಾದಿದ್ಕೇ ಕೂಸು ಹೋಯ್ತಲ್ಲತ್ತೆ!"

ಕೆಂಚವ್ವ ಯಾರ ಮಾತೂ ಕೇಳಲಿಲ್ಲ. ಗುಂಡಿ ತುಂಬಿಸಿದಳು, ಕಷಾಯ ಸುರಿದಳು. ತಾಯಿಗಳನ್ನು ಮುಳುಗಿಸಿದಳು, ಮರಿಗಳನ್ನೂ ಮುಳುಗಿಸಿದಳು. ಮರಿಗಳು ಹೆದರಿ, ಕಣ್ಣು ಮುಚ್ಚಿ, ಬಾಲವನ್ನು ಮೈಗೆ ಒತ್ತಿ ಹಿಡಿದು ಮುಳುಗಿ ಎದ್ದವು. ಉಣುಗುಗಳು ಪಟಪಟ ಉದುರಿದವು. ಕೆಂಚವ್ವ ಸೆರಗಿನಿಂದ ಮುಖ ಒರೆಸಿಕೊಂಡು ಗೆದ್ದವಳ ಹಾಗೆ ನಕ್ಕಳು. ಹಳ್ಳ ತನ್ನ ಪಾಡಿಗೆ ಹೊರಟುಹೋಯಿತು.

ನಗು ಬಹಳ ಹೊತ್ತು ಉಳಿಯಲಿಲ್ಲ.

ಕರಿಮೂತಿಯ ಮರಿ ಹಾಲಿಗೆಂದು ತಾಯಿಯ ಹತ್ತಿರ ಬಂತು. ಕರಿಮೂತಿ ಬಗ್ಗಿ ಮೂಸಿದಳು. ಹಿಂದೆ ಸರಿದಳು. ಮತ್ತೆ ಮೂಸಿದಳು. ಆಮೇಲೆ ತಲೆಯಿಂದ ಗುದ್ದಿ ಅದನ್ನು ಆಚೆ ದಬ್ಬಿದಳು.

"ಇದು ನನ್ ಮರಿ ಅಲ್ಲ," ಎಂದಳು. "ಇದು ಬೇವಿನ ಮರಿ. ನನ್ ಮರಿ ಎಲ್ಲಿ? ಕೆಂಚವ್ವ, ನನ್ ಮರಿ ಎಲ್ಲಿ?"

"ಅದೇ ಕಣೇ ನಿನ್ ಮರಿ!"

"ಅಲ್ಲ. ನನ್ ಮರಿ ವಾಸನೆ ನನಗೆ ಗೊತ್ತಿಲ್ವಾ?"

ಕರಿಮೂತಿ ಮರಿಯನ್ನು ಹುಡುಕುತ್ತಾ ಹೊರಟಳು. ಕೂಗುತ್ತಾ ಪೊದೆಯ ಹಿಂದೆ ನೋಡಿದಳು, ಬಂಡೆಯ ಹಿಂದೆ ನೋಡಿದಳು. ಅವಳ ಬೆನ್ನಿಗೇ ಮರಿ ಕೂಗುತ್ತಾ ನಡೆಯುತ್ತಿತ್ತು. ತಾಯಿ ನಿಂತರೆ ಮರಿಯೂ ನಿಲ್ಲುತ್ತಿತ್ತು. ತಾಯಿ ತಿರುಗಿ ನೋಡಿದರೆ ಗುದ್ದು ತಿನ್ನುತ್ತಿತ್ತು.

ಹಟ್ಟಿಯ ತುಂಬ ಅದೇ ಪಾಡು. ಎಲ್ಲ ಮರಿಗಳಿಗೂ ಬೇವಿನ ವಾಸನೆ, ಎಲ್ಲ ತಾಯಂದಿರಿಗೂ ಬೇವಿನ ವಾಸನೆ. ತಾಯಂದಿರೆಲ್ಲ ಹುಡುಕುತ್ತಿದ್ದರು, ಮರಿಗಳೆಲ್ಲ ಅವರ ಹಿಂದೆ ಅಲೆಯುತ್ತಿದ್ದವು. ಕೆಚ್ಚಲುಗಳು ತುಂಬಿ ಹಾಲು ತೊಟ್ಟಿಕ್ಕಿ ಮಣ್ಣಿಗೆ ಬೀಳುತ್ತಿತ್ತು.

ಹುಲ್ಲಿನ ತುದಿಯಲ್ಲಿ ಕೂತಿದ್ದ ಒಂದು ಉಣುಗು ಇದನ್ನೆಲ್ಲ ನೋಡುತ್ತಿತ್ತು. "ನಾನು ರಕ್ತ ಕುಡಿತಿದ್ದೆ, ಒಪ್ಕತೀನಿ," ಎಂದಿತು. "ಆದ್ರೆ ಹಾಲಿದ್ದೂ ಮರಿ ಕುಡಿಯದಂಗೆ ಮಾಡಾಕೆ ನನ್ ಕೈಲಿ ಆಗ್ತಿರ್ಲಿಲ್ಲ ಬಿಡವ್ವ."

ಆ ಮಾತು ಕೆಂಚವ್ವನ ಎದೆಗೆ ಚುಚ್ಚಿತು. ಅವಳು ಓಡಿ ಹೋಗಿ ಹಳ್ಳವನ್ನು ತಡೆದಳು.

"ಹಳ್ಳವ್ವಾ, ನನ್ ಮರಿಗಳ್ನ ತೊಳ್ದು ಕೊಡು. ಬೇವಿನ ವಾಸನೆ ಹೋಗ್ಲಿ."

"ನಾನು ತೊಳೆದ್ರೆ ಇರೋ ಬರೋ ವಾಸನೇನೂ ಹೋಗ್ತೈತೆ ಕೆಂಚವ್ವ. ನನಗೆ ತೊಳೆಯಾದು ಗೊತ್ತು, ಮರಳಿ ಹಚ್ಚಾದು ಗೊತ್ತಿಲ್ಲ," ಎಂದಿತು ಹಳ್ಳ. ಮೊದಲ ಸಲ ಅದರ ದನಿ ಸಣ್ಣದಾಯಿತು.

ಕೆಂಚವ್ವ ಓಡಿ ಬಂದು ಗಾಳಿಯನ್ನು ಕೂಗಿದಳು. "ಗಾಳಿಯಪ್ಪಾ, ವಾಸನೆ ಹೊರಾದು ನೀನಲ್ವಾ? ನನ್ ಮರಿ ವಾಸನೆ ಹುಡುಕ್ಕೊಡೋ."

"ಇದ್ದದ್ದನ್ನ ಹೊತ್ಕಂಡ್ ಬತ್ತೀನಿ. ಇಲ್ದೆ ಇರೋದ್ನ ಎಲ್ಲಿಂದ ತರ್ಲಿ?" ಎಂದಿತು ಗಾಳಿ. ಆದರೂ ಸುಮ್ಮನಿರಲಾರದೆ ಕರಿಮೂತಿಯ ಮರಿಯನ್ನು ತಲೆಯಿಂದ ಕಾಲಿನವರೆಗೆ ತಡಕಿತು. ಕಿವಿಯಲ್ಲಿ ಬೇವು, ಬೆನ್ನಿನಲ್ಲಿ ಬೇವು, ಗೊರಸಿನಲ್ಲೂ ಬೇವು.

ಮರಿ ಸೋತು ಮೊಣಕಾಲೂರಿತು. ಕೆಂಚವ್ವ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಅದು ಅವಳ ಸೆರಗಿನ ಚುಂಗು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು.

ಕೆಂಚವ್ವ ಸೆರಗು ಕಿತ್ತುಕೊಂಡಳು. "ಸೆರಗು ಬ್ಯಾಡ ಕಣೋ," ಎಂದು ಅತ್ತೇಬಿಟ್ಟಳು. "ಸೆರಗು ಮಾತ್ರ ಬ್ಯಾಡ!"

"ಇರು ಇರು ಇರು," ಎಂದಿತು ಗಾಳಿ. "ಇಲ್ಲೊಂಚೂರು ಐತೆ!"

"ಎಲ್ಲಿ?"

"ಬಾಲದ ಅಡೀಲಿ. ನೀನು ಮುಳುಗಿಸುವಾಗ ಹೆದರ್ಕಂಡು ಬಾಲ ಒತ್ಕಂಡಿತ್ತಲ್ಲ, ಅದರಡಿಗೆ ನಿನ್ ಕಷಾಯ ಹೋಗಿಲ್ಲ. ಆದ್ರೆ ಈ ಸೋಮಾರಿ ಬಾಲ ಅಲ್ಲಾಡಾದಿಲ್ವಲ್ಲ, ನಾನು ಹೆಂಗ್ ಹೊತ್ಕಂಡ್ ಹೋಗ್ಲಿ?"

ಕೆಂಚವ್ವ ಮರಿಯನ್ನು ಎತ್ತಿಕೊಂಡು ಓಡಿದಳು. ಮುದ್ದಜ್ಜಿ ಕರಿಮೂತಿಯ ಕತ್ತು ಹಿಡಿದು ನಿಂತಳು. ಕೆಂಚವ್ವ ಮರಿಯ ಬಾಯನ್ನು ಕೆಚ್ಚಲಿಗಿಟ್ಟು, ಹಿಂದಿನಿಂದ ಬಾಲ ಎತ್ತಿದಳು. ಕರಿಮೂತಿ ಒದೆಯಲು ಕಾಲೆತ್ತಿದಳು.

ಕೆಂಚವ್ವನ ಬೆರಳುಗಳು ಗಾಬರಿಯಲ್ಲಿ ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದವು. ಕದಿರು ತಿರುಗಿಸುವ ಹಾಗೆ ಆ ಪುಟ್ಟ ಬಾಲವನ್ನು ಗಿರಗಿರ ಆಡಿಸಿದವು.

ಗಾಳಿ ಬಾಲದ ಅಡಿಯ ವಾಸನೆಯನ್ನು ಎತ್ತಿಕೊಂಡು ಕರಿಮೂತಿಯ ಮೂಗಿನ ಹತ್ತಿರ ಓಡಿತು. ಕರಿಮೂತಿಯ ಎತ್ತಿದ ಕಾಲು ಹಾಗೇ ನಿಂತಿತು.

"ಆಡ್ಸೇ!" ಮುದ್ದಜ್ಜಿ ಕಿರುಚಿದಳು. "ಆಡ್ಸು! ಕೈ ಸುಮ್ಕಿಡಬ್ಯಾಡ! ನಿಲ್ಲಿಸಬ್ಯಾಡ!"

ಕೈ ಸುಮ್ಮನಿಡಬೇಡ ಎಂದು ಮುದ್ದಜ್ಜಿ ಹೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಕೆಂಚವ್ವ ಆಡಿಸಿದಳು, ಆಡಿಸಿದಳು. ಕರಿಮೂತಿ ಕಾಲು ಕೆಳಗಿಟ್ಟು, ಕತ್ತು ಹೊರಳಿಸಿ, ಮರಿಯ ಬಾಲದ ಹತ್ತಿರ ಮೂಗಿಟ್ಟಳು. ಒಮ್ಮೆ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

"ಎಲ್ಲಿ ಹೋಗಿದ್ದೆ ನನ್ ಕೂಸೇ?" ಎಂದಳು. "ಎಷ್ಟು ಹುಡುಕ್ದೆ ನಿನ್ನ!"

ಮರಿಗೆ ಉತ್ತರ ಹೇಳಲು ಆಗಲಿಲ್ಲ. ಅದರ ಬಾಯಿ ತುಂಬ ಹಾಲಿತ್ತು.

ಆದರೆ ಕೆಂಚವ್ವನಿಗೆ ಅಲ್ಲಿ ನಿಲ್ಲಲು ಹೊತ್ತೆಲ್ಲಿ? ಮಿಕ್ಕ ಮರಿಗಳು ಇನ್ನೂ ಅಲೆಯುತ್ತಿದ್ದವು. ಈ ಬಾಲ ಬಿಟ್ಟರೆ ಕರಿಮೂತಿ ಮತ್ತೆ ಒದ್ದಾಳು, ಬಿಡದಿದ್ದರೆ ಉಳಿದ ಮರಿಗಳು ಸತ್ತಾವು. ಎದೆ ಗಟ್ಟಿ ಮಾಡಿಕೊಂಡು ಬೆರಳು ತೆಗೆದಳು.

ಬಾಲ ನಿಲ್ಲಲಿಲ್ಲ.

ಬಾಲ ಆಡಿದಾಗ ತಾಯಿ ಹಾಲು ಕೊಟ್ಟಳಲ್ಲ, ಆಡುತ್ತಲೇ ಇರಬೇಕು ಎಂದು ಆ ಪುಟ್ಟ ಮರಿಗೆ ಹೊಳೆದಿತ್ತು. ಅದು ತಾನೇ ತನ್ನ ಬಾಲ ಆಡಿಸುತ್ತಿತ್ತು, ಗಿರಗಿರ, ಗಿರಗಿರ, ಥೇಟ್ ಕೆಂಚವ್ವನ ಬೆರಳಿನ ಹಾಗೆ.

ಕೆಂಚವ್ವ ಇನ್ನೊಂದು ಮರಿಯ ಬಾಲ ಆಡಿಸಿದಳು, ಮತ್ತೊಂದರದು ಆಡಿಸಿದಳು. ಹೊತ್ತು ಇಳಿಯುವಷ್ಟರಲ್ಲಿ ಮಿಕ್ಕ ಮರಿಗಳು ನೋಡಿಯೇ ಕಲಿತವು. ಹಟ್ಟಿಯಲ್ಲಿ ಕೂಗು ಅಡಗಿ, ಹಾಲು ಚೀಪುವ ಸದ್ದಷ್ಟೇ ಉಳಿಯಿತು. ಆಗ ಕೆಂಚವ್ವ ಬಂಡೆಗೆ ಒರಗಿ ಕೂತಳು. ತನ್ನ ಕೈ ನೋಡಿಕೊಂಡಳು. ಬೆರಳುಗಳು ಮಡಿಲಲ್ಲಿ ತೆಪ್ಪಗೆ ಬಿದ್ದಿದ್ದವು.

ಅಂದಿನಿಂದ ಕುರಿ ಸಾಕುವವರು ಉಣುಗಿಗೆ ಔಷಧಿ ಮಾಡುವುದಿದ್ದರೆ ಮರಿ ಹುಟ್ಟುವ ಮೊದಲೇ ಮಾಡಿ ಮುಗಿಸುತ್ತಾರೆ. ಎಳೆಮರಿಯ ಮೈಯನ್ನು ಅದರ ತಾಯಿಯ ನಾಲಿಗೆಗೇ ಬಿಡುತ್ತಾರೆ.

ನೀನೂ ಯಾವತ್ತಾದರೂ ಕುರಿಹಟ್ಟಿಯ ಬೇಲಿಗೆ ಗಲ್ಲ ಊರಿ ನೋಡು ಮಗು. ಮರಿ ಕೆಚ್ಚಲಿಗೆ ಬಾಯಿ ಹಾಕಿದ ಕೂಡಲೇ ಅದರ ಬಾಲ ಗಿರಗಿರ ಆಡತೊಡಗುತ್ತದೆ, ತಾಯಿ ಕತ್ತು ಹೊರಳಿಸಿ ಆ ಬಾಲವನ್ನು ಮೂಸುತ್ತಾಳೆ, ಬಾಯಿ ತುಂಬ ಹಾಲಿರುವ ಮರಿ ಇವತ್ತಿಗೂ ಬಾಲದಲ್ಲೇ ಹೇಳುತ್ತಿರುತ್ತದೆ, "ನಾನೇ ಅವ್ವ, ನಾನೇ, ನಾನೇ."