ಅಂಗಳದಲ್ಲಿ ಆಡಿದ ಅರ್ಧ

"ಗುರುಗಳೇ, ಗೋಡೆಯಾಚೆ ಕೂತು ಅರ್ಧ ಮಾತು ಕೇಳಿಸಿಕೊಂಡು ಹೋದವನಿಗೆ ನಾನು ಹೊಣೆಯೇ?"

ಹೀಗೆ ಕೇಳಿದವನು ನಾನೇ. ತಲೆ ತಗ್ಗಿಸಿ ಕೇಳಲಿಲ್ಲ, ಎದೆ ಸೆಟೆಸಿ ಕೇಳಿದೆ. ಮಠದಲ್ಲಿ ವಾದಕ್ಕೆ ನಿಂತು ನನ್ನನ್ನು ಸೋಲಿಸಿದವರಿಲ್ಲ. ಎಮ್ಮೆ ಕಾಯುವವನಿಗೆ ಶಾಸ್ತ್ರ ಹತ್ತೀತೇ ಎಂದು ನಕ್ಕವರ ಬಾಯನ್ನೆಲ್ಲ ಮೂರೇ ವರ್ಷದಲ್ಲಿ ಮುಚ್ಚಿಸಿದ್ದೆ. ಹಳ್ಳದಾಚೆಯ ಎಮ್ಮೆಯನ್ನು ಈಚೆಯಿಂದಲೇ ಕೂಗಿ ಕರೆದು ಬೆಳೆದ ಗಂಟಲು ನನ್ನದು. ಕೆರೆಯ ಮೆಟ್ಟಿಲ ಮೇಲೆ ನಿಂತು ಮಾತಾಡಿದರೆ ಆಚೆ ದಡದವರೂ ತಲೆ ಎತ್ತಿ ನೋಡುತ್ತಿದ್ದರು.

ಆ ಬೆಳಿಗ್ಗೆಯೂ ಅಲ್ಲೇ ನಿಂತು ಅಭ್ಯಾಸ ಮಾಡುತ್ತಿದ್ದೆ. ವಾದದ ಕ್ರಮ ಇಷ್ಟೇ: ಮೊದಲು ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ಆಮೇಲೆ ಅದನ್ನು ಮುರಿಯಬೇಕು. ಸತ್ತವರು ಎಲ್ಲಿಯೂ ಇಲ್ಲ, ಸುಟ್ಟ ಮೇಲೆ ಉಳಿಯುವುದು ಬೂದಿಯೊಂದೇ ಎಂಬುದು ಎದುರು ಪಕ್ಷ. ಅದನ್ನು ಕೆರೆಯ ಮೆಟ್ಟಿಲ ಮೇಲೆ ಹೇಳಿದೆ. ಮಧ್ಯಾಹ್ನ ಸಭೆಯಲ್ಲಿ ಅದನ್ನೇ ಪುಡಿಪುಡಿ ಮಾಡಿದೆ. ಅಷ್ಟರಲ್ಲಿ ಒಬ್ಬ ಮುದುಕ ಮಠ ಬಿಟ್ಟು ಹೋಗಿದ್ದ. ಕೈಗೆ ಬಂದ ಮಗನನ್ನು ಕಳೆದುಕೊಂಡು, ಒಂದು ಸಮಾಧಾನದ ಮಾತಿಗಾಗಿ ಮೂರು ದಿನ ನಡೆದು ಬಂದವನು. ಕೆರೆಯ ಗೋಡೆಗೆ ಒರಗಿ ಕೂತು ನನ್ನ ಬೆಳಗಿನ ಮಾತನ್ನು ಕೊನೆಯವರೆಗೂ ಕೇಳಿದನಂತೆ. ಬುತ್ತಿ ಬಿಚ್ಚದೆ ಎದ್ದು ಹೋದನಂತೆ.

"ಮಧ್ಯಾಹ್ನದವರೆಗೆ ಕಾದಿದ್ದರೆ ಉತ್ತರವೂ ಸಿಗುತ್ತಿತ್ತು," ಎಂದೆ. "ಅವನಿಗೆ ಅವಸರವಾದರೆ ನಾನೇನು ಮಾಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಮನೆ ಚಿಕ್ಕದು, ಒಳಗೆ ಸೆಕೆ. ಅಂಗಳದ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು, ಕಾಗದ ಹಾರದಂತೆ ಕಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದ. ಸುತ್ತ ಎದೆಯೆತ್ತರದ ಗೋಡೆ. ಎಡಕ್ಕೆ ಒಬ್ಬ ನೇಕಾರನ ಮನೆ. ಬಲಕ್ಕೆ ಖಾರ ಕುಟ್ಟಿ ಮಾರುವ ಒಬ್ಬ ಹೆಂಗಸಿನ ಮನೆ.

ವಕೀಲನಿಗೆ ಒಂದು ಪದ್ಧತಿ ಇತ್ತು. ಖಟ್ಲೆ ಯಾವುದೇ ಇರಲಿ, ಎದುರು ವಕೀಲ ಏನು ಹೇಳಬಹುದೋ ಅದನ್ನು ಮೊದಲು ತಾನೇ ಬಾಯಿಬಿಟ್ಟು ಆಡಿ ನೋಡುತ್ತಿದ್ದ. ತನ್ನ ಉತ್ತರವನ್ನು ಮಾತ್ರ ಆಡುತ್ತಿರಲಿಲ್ಲ. ಎದುರಿನವರ ಮಾತು ಎದುರಿನವರಿಗೆ ಗೊತ್ತೇ ಇದೆ, ಕೂಗಿ ಹೇಳಿದರೂ ನಷ್ಟವಿಲ್ಲ. ತನ್ನ ಉತ್ತರ ಹೊರಗೆ ಬಿದ್ದರೆ ಖಟ್ಲೆಯೇ ಬಿದ್ದೀತು. ಅದನ್ನು ಕಾಗದದಲ್ಲಿ ಬರೆದು ಕೋಟಿನ ಒಳಜೇಬಿನಲ್ಲಿ ಇಡುತ್ತಿದ್ದ. ಲೆಕ್ಕ ಸರಿಯಾಗಿಯೇ ಇತ್ತು.

ಅದೇ ಓಣಿಯಲ್ಲಿ ಫಕೀರವ್ವ ಎಂಬ ಸೂಲಗಿತ್ತಿ ಇದ್ದಳು. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಒಂದು ದೊಡ್ಡ ಮನೆಯಲ್ಲಿ ಅವಳು ಮಾಡಿಸಿದ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಇವಳೇ ಕೂಸಿನ ಉಸಿರು ಕಟ್ಟಿಸಿದಳು ಎಂದು ಮನೆಯವರು ಫಿರ್ಯಾದಿ ಕೊಟ್ಟರು. ಹಿಂದಿನ ಹೆರಿಗೆಯಲ್ಲಿ ಉಡಿ ತುಂಬಿ ಸೀರೆ ಕೊಡಲಿಲ್ಲವೆಂಬ ಸಿಟ್ಟು ಅವಳಿಗಿತ್ತು ಎಂದರು. ಫಕೀರವ್ವ ಈ ವಕೀಲನ ಬಳಿಗೆ ಬಂದಳು. ಅವನು ಒಪ್ಪಿಕೊಂಡ.

ಮರುದಿನ ಅಂಗಳದಲ್ಲಿ ನಿಂತು ಅವನು ಎದುರು ಪಕ್ಷವನ್ನು ಆಡಿದ.

"ಈ ಕೈ ನೋಡಿರಿ, ಸ್ವಾಮಿ. ಒಂದು ಸೀರೆಯ ಸಿಟ್ಟಿಗೆ, ಇನ್ನೂ ಕಣ್ಣು ಬಿಡದ ಕೂಸಿನ ಉಸಿರು ಹಿಡಿದ ಕೈ ಇದು."

ಬಲಗಡೆಯ ಮನೆಯಲ್ಲಿ ಒನಕೆ ನಿಂತಿತು. ಎಡಗಡೆ ಮಗ್ಗ ನಿಂತಿತು. ನಿಂತದ್ದು ವಕೀಲನಿಗೆ ಗೊತ್ತಾಯಿತು. ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಈ ಸಲ ದನಿಯನ್ನು ಸ್ವಲ್ಪ ನಡುಗಿಸಿದ. ಹೀಗೆ ಹದಿನೈದು ದಿನ ನಡೆಯಿತು. ದಿನದಿನಕ್ಕೆ ಮಾತು ಹರಿತವಾಯಿತು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತು ಕೇಳುತ್ತಿದ್ದಳು.

ಒಂದು ದಿನ ಫಕೀರವ್ವ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದಳು. ಗೇಟಿನ ಹೊರಗೇ ನಿಂತು ಪೂರ್ತಿ ಕೇಳಿದಳು. ಆಮೇಲೆ ಒಳಗೆ ಬಂದಳು.

"ಎಪ್ಪಾ, ಇದು ಅವರ ಕಡೆ ಮಾತಲ್ಲೇನ್ರಿ?"

"ಹೌದವ್ವ, ಅವರದ. ಹೆದರಬ್ಯಾಡ."

"ಮತ್ತ ನಮ್ಮ ಕಡೆದೂ ಇಲ್ಲೇ ಒಂದೀಟು ಗಟ್ಟಿಯಾಗಿ ಅನ್ರಲ್ಲ."

ವಕೀಲ ನಕ್ಕ. "ಹುಚ್ಚವ್ವಾ, ಅದನ್ನ ಇಲ್ಲೇ ಅಂದ್ರ ಕೋರ್ಟಿನ್ಯಾಗ ಏನನ್ನಲಿ? ಅದು ಜಜ್ಜರ ಕಿವಿಗೆ ಇಟ್ಟದ್ದು."

ಫಕೀರವ್ವ ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ಇಣುಕುತ್ತಿದ್ದ ಎರಡು ತಲೆಗಳು ಕೆಳಗೆ ಹೋದವು. ಅವಳು ಹೆಬ್ಬೆಟ್ಟು ಒತ್ತಿ ಮನೆಗೆ ಹೋದಳು.

ಕೋರ್ಟು ದೂರದ ಪಟ್ಟಣದಲ್ಲಿ. ಓಣಿಯವರು ಯಾರೂ ಹೋಗಲಿಲ್ಲ. ವಕೀಲ ಒಳಜೇಬಿನ ಕಾಗದ ತೆಗೆದ. ಆ ಮನೆಯ ಬಸುರಿ ಹೆರಿಗೆಗೆ ಮೂರು ದಿನ ಮೊದಲೇ ಮಾಳಿಗೆಯ ಮೆಟ್ಟಿಲಿಂದ ಉರುಳಿ ಬಿದ್ದಿದ್ದಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮನೆಯವರು ಅದನ್ನು ಮುಚ್ಚಿಟ್ಟಿದ್ದರು. ವಕೀಲನ ಪಾಟೀಸವಾಲಿಗೆ ಮನೆಯ ಯಜಮಾನನೇ ಅದನ್ನು ಒಪ್ಪಿಕೊಂಡ. ಫಕೀರವ್ವನಿಗೆ ಬಿಡುಗಡೆಯಾಯಿತು.

ಅವಳು ಓಣಿಗೆ ಮರಳಿದಳು. ಯಾರೂ ಬೈಯಲಿಲ್ಲ. ಯಾರೂ ಕರೆಯಲೂ ಇಲ್ಲ. ಒಂದು ತಿಂಗಳಲ್ಲಿ ಓಣಿಯಲ್ಲಿ ಎರಡು ಹೆರಿಗೆಗಳಾದವು. ಎರಡಕ್ಕೂ ಪಕ್ಕದ ಊರಿನಿಂದ ಬೇರೆ ಸೂಲಗಿತ್ತಿ ಬಂದಳು. ಹಾದಿಯಲ್ಲಿ ಫಕೀರವ್ವ ಎದುರಾದರೆ ಬಸುರಿಯರು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು.

ಅವಳು ಮತ್ತೆ ವಕೀಲನ ಅಂಗಳಕ್ಕೆ ಬಂದಳು. "ಕೋರ್ಟು ಬಿಟ್ಟಿತ್ರಿ. ಓಣಿ ಬಿಡವಲ್ದು. ಇಲ್ಲಿ ಕಟ್ಟಿದ್ದನ್ನ ಇಲ್ಲೇ ಬಿಚ್ಚಬೇಕು ನೀವು."

ವಕೀಲನಿಗೆ ಮಾತು ನಾಟಿತು. ಮರುದಿನ ಬೆಳಿಗ್ಗೆ ಅದೇ ಮರದ ಕೆಳಗೆ ನಿಂತು, ಅದೇ ದನಿಯಲ್ಲಿ ಅವಳ ಪಕ್ಷವನ್ನು ಹೇಳಿದ. ಮೆಟ್ಟಿಲಿಂದ ಬಿದ್ದದ್ದು, ಮುಚ್ಚಿಟ್ಟದ್ದು, ಒಪ್ಪಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಒನಕೆ ನಿಂತಿತು. ಮಗ್ಗ ನಿಂತಿತು. ಮಾತು ಮುಗಿದ ಮೇಲೆ ನೇಕಾರ ಗೋಡೆಯ ಮೇಲೆ ಮೊಣಕೈ ಊರಿ ನಿಂತ.

"ಇದು ಕೋರ್ಟಿನ್ಯಾಗ ಹೇಳಿದ್ದಲ್ಲೇನ್ರಿ, ವಕೀಲರ?"

"ಹೌದು. ಇದೇ ಖರೇ."

"ಇರಲಿ ಬಿಡ್ರಿ. ಅದು ನಿಮ್ಮ ಕಸಬು. ಆದ್ರ ಮೊದಲಿಂದು ನಿಮ್ಮ ಮನಸಿನಿಂದ ಬಂದಿತ್ತು. ಅವತ್ತು ನಿಮ್ಮ ದನಿ ನಡುಗಿತ್ತು ನೋಡ್ರಿ."

ಗೋಡೆಯಾಚೆ ಒನಕೆ ಮತ್ತೆ ಏಳತೊಡಗಿತು.

ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ, ದಿನ ತುಂಬುವ ಮೊದಲೇ ಅವಳಿಗೆ ನೋವು ಬಂತು. ಪಕ್ಕದ ಊರಿನ ಸೂಲಗಿತ್ತಿ ಬೇರೆಲ್ಲೋ ಹೋಗಿದ್ದಳು. ಪಟ್ಟಣದ ಆಸ್ಪತ್ರೆಗೆ ಗಾಡಿಯಲ್ಲಿ ನಾಲ್ಕು ತಾಸು. ಕೂಗು ಓಣಿಗೆಲ್ಲ ಕೇಳಿಸಿತು. ಯಾರೂ ಕರೆಯದಿದ್ದರೂ ಫಕೀರವ್ವ ಬಂದಳು. ಮೊಣಕೈವರೆಗೆ ಕೈ ತೊಳೆದುಕೊಂಡೇ ಬಂದಿದ್ದಳು.

"ಕೂಸು ಅಡ್ಡ ತಿರುಗೇತಿ. ಕೂಗಿನ ಮ್ಯಾಲೆ ತಿಳೀತೈತಿ. ನನ್ನ ಒಳಗ ಬಿಡ್ರಿ."

ವಕೀಲನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಆ ಕೈ ನನ್ನ ಮಗಳನ್ನ ಮುಟ್ಟಬಾರದು."

ಆಗ ವಕೀಲ ವಾದ ಮಾಡಿದ. ಜೀವಮಾನದಲ್ಲಿ ಹಾಗೆ ಮಾಡಿರಲಿಲ್ಲ. ಸಾಕ್ಷಿ ಹೇಳಿದ, ತೀರ್ಪು ಹೇಳಿದ, ಕೊನೆಗೆ ಕೈ ಮುಗಿದ. ಅವನ ದನಿ ತಾನಾಗಿಯೇ ನಡುಗುತ್ತಿತ್ತು.

ಹೆಂಡತಿ ಅಲುಗಲಿಲ್ಲ. "ಕೋರ್ಟಿನ್ಯಾಗ ನೀವು ಏನಂದ್ರೋ ನಾ ಕೇಳಿಲ್ಲ. ಅಂಗಳದಾಗ ಅಂದದ್ದು ಹದಿನೈದು ದಿನ ಕೇಳೀನಿ. ಹೀಂಗ ನಡುಗಿದ ದನೀನೂ ಕೇಳೀನಿ."

ಮಗಳನ್ನು ಗಾಡಿಯಲ್ಲಿ ಮಲಗಿಸಿದರು. ನೇಕಾರ ನೊಗ ಎತ್ತಿ ಎತ್ತು ಹೂಡಿದ, ಖಾರ ಕುಟ್ಟುವವಳು ಹಾಸಲು ಕೌದಿ ಕೊಟ್ಟಳು. ನೆರೆಯವರು ಕೆಟ್ಟವರಾಗಿರಲಿಲ್ಲ. ಗಾಡಿ ಪಟ್ಟಣ ಮುಟ್ಟಿದಾಗ ಮಗಳಿಗೆ ಜೀವವಿತ್ತು. ಕೂಸಿಗೆ ಇರಲಿಲ್ಲ.

ಫಕೀರವ್ವ ಕೈಯ ನೀರು ಆರುವವರೆಗೆ ಗೇಟಿನಲ್ಲಿ ನಿಂತಿದ್ದಳು. ಆಮೇಲೆ ಮನೆಗೆ ಹೋಗಿ ಕದ ಹಾಕಿಕೊಂಡಳು. ವಾರದೊಳಗೆ ಊರನ್ನೇ ಬಿಟ್ಟಳು. ಅಂದಿನಿಂದ ವಕೀಲ ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿಕೊಂಡು ಕೆಲಸ ಮಾಡುತ್ತಾನೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಸೋತು ಎದ್ದು ಹೋಗುವವನಲ್ಲ ನಾನು. "ಗುರುಗಳೇ," ಎಂದೆ, "ವಕೀಲನ ಉತ್ತರಕ್ಕೆ ನಡುಕ ಸಾಲಲಿಲ್ಲ. ನನ್ನ ಉತ್ತರ ಹಾಗಲ್ಲ. ಇಡೀ ಸಭೆಯೇ ತಲೆದೂಗಿದೆ. ಆ ಮುದುಕನ ದುಃಖಕ್ಕೆ ಬೇಕಾದ ಒಂದೊಂದು ಮಾತೂ ಅದರಲ್ಲಿದೆ. ಬೇಕಾದರೆ ಈಗಲೇ ಹೇಳುತ್ತೇನೆ."

ಗುರುಗಳು ಬಾಗಿಲಾಚೆಯ ಹಾದಿಯನ್ನು ನೋಡಿದರು.

"ಉತ್ತರ ಇಲ್ಲಿದೆ, ಮುದುಕ ಎಲ್ಲಿದ್ದಾನೆ?"