ಚಿಂಗ್ ಹೊಳೆಗೆ ಹುಯ್ದ ಅಕ್ಕಿ ನೀರು

ಲೋಕ ಆಗ ತುಂಬಾ ಹೊಸದು. ಎಷ್ಟು ಹೊಸದು ಅಂದ್ರೆ, ತಾವು ಎಲ್ಲಿ ಕೂತ್ಕೋಬೇಕು ಅಂತ ಬೆಟ್ಟಗಳಿಗೇ ಸರಿಯಾಗಿ ಗೊತ್ತಿರ್ಲಿಲ್ಲ, ಮೋಡಗಳು ದಾರಿ ತಪ್ಪಿ ಒಂದಕ್ಕೊಂದು ಢಿಕ್ಕಿ ಹೊಡ್ಕೋತಿದ್ವು, ಮತ್ತೆ ಜಲಪಾತ ಅನ್ನೋದು ಒಂದೂ ಇರ್ಲಿಲ್ಲ. ನಿಜವಾಗ್ಲೂ, ಒಂದೇ ಒಂದೂ ಇರ್ಲಿಲ್ಲ.

ಆವಾಗ ಚೀನಾ ದೇಶದ ಬೆಟ್ಟದ ಮೇಲೆ ಒಂದು ಪುಟ್ಟ ಊರು, ಊರೊಳಗೆ ಒಂದು ಪುಟ್ಟ ಹೊಳೆ. ಹೊಳೆ ಹೆಸರು ಚಿಂಗ್. ಕಲ್ಲಿನ ಕಮಾನು ಸೇತುವೆ ಕೆಳಗೆ ನುಗ್ಗಿ, ಮರದ ಮನೆಗಳ ಕಾಲಡಿ ಸುತ್ತಿ, ಸೂರಿಗೆ ನೇತು ಹಾಕಿದ ಕೆಂಪು ಲಾಟೀನುಗಳನ್ನ ಮೈಮೇಲೆ ಕುಣಿಸ್ಕೊಂಡು, ಮತ್ತೆ ಅದೇ ಸೇತುವೆ ಹತ್ರ ಬರ್ತಿದ್ಲು. ದಿನಾ ಅದೇ ಸುತ್ತು, ದಿನಾ ಮಾತು, ಬರೀ ಮಾತು.

ಅವಳಿಗೆ ಎಲ್ಲರಿಗಿಂತ ಇಷ್ಟ ಅಂದ್ರೆ ಲ್ಯಾನ್ ಅಜ್ಜಿ. ಹೊಳೆಗೆ ಇಳಿಯೋ ಮೆಟ್ಟಿಲ ಪಕ್ಕದ್ದೇ ಅಜ್ಜಿ ಮನೆ. ಬೆಳಿಗ್ಗೆ ಅಜ್ಜಿ ಬಿದಿರು ಬುಟ್ಟಿ ಹಿಡ್ಕೊಂಡು ಅಕ್ಕಿ ತೊಳೆಯೋಕೆ ಬಂದ್ರೆ ಸಾಕು, ಚಿಂಗ್ ನೆಗೆದು ಅವಳ ಮುಖಕ್ಕೆ ನೀರು ಎರಚ್ತಿದ್ಲು. ಅಜ್ಜಿ ಅಂಗಿ ತೋಳಲ್ಲಿ ಮುಖ ಒರೆಸ್ಕೊಂಡು, "ಬಂದ್ಯಾ ತುಂಟಿ?" ಅಂತಿದ್ಲು. ದಿನಾ ಎರಚೋದು, ದಿನಾ "ಬಂದ್ಯಾ ತುಂಟಿ?"

ಆ ಊರಲ್ಲಿ ಒಂದು ಪದ್ಧತಿ ಇತ್ತು. ಯಾರಾದ್ರೂ ಊರು ಬಿಟ್ಟು ಹೊರಟ್ರೆ, ಮನೆಯವರು ತಮ್ಮ ಗಡಿಗೆಯಿಂದ ಒಂದು ಹಿಡಿ ಅಕ್ಕಿ ತಂದು, ಮೆಟ್ಟಿಲ ಮೇಲೆ ಕೂತು ತೊಳೆದು, ಆ ಬೆಳ್ಳನೆ ನೀರನ್ನ ಹೊರಟವರ ಕಾಲಿಗೆ ಹುಯ್ಯೋರು. ಮನೆ ಅಕ್ಕಿ ನೀರು ಅಂಟಿದ ಕಾಲಿಗೆ ಮನೆ ದಾರಿ ಮರೆಯಲ್ಲ ಅಂತ. ಬಾತುಕೋಳಿ ಮಾರೋ ಹುಯಿ ಪಕ್ಕದೂರಿಗೆ ಹೋಗಿ ಸಂಜೆಗೇ ವಾಪಸ್ ಬರ್ತಿದ್ದ, ಅವನಿಗೂ ಬಿಡ್ತಿರ್ಲಿಲ್ಲ, ಹುಯ್ದೇ ಕಳಿಸ್ತಿದ್ರು.

ಹೀಗಿರೋವಾಗ ಕೆಳಗಿನ ಬಯಲಿಂದ ಒಂದು ನೀರುಕಾಗೆ ಏದುಸಿರು ಬಿಡ್ತಾ ಹಾರಿ ಬಂತು. ಸೇತುವೆ ಮೇಲೆ ಕೂತು ಚಿಂಗ್‌ನ ಮೇಲಿಂದ ಕೆಳಗೆ ನೋಡ್ತು.

"ಅಲ್ಲಿ ಒಂದು ಹನಿ ನೀರಿಲ್ಲ," ಅಂತು. "ಬಾತುಮರಿಗಳು ಧೂಳಲ್ಲಿ ಈಜೋದು ಕಲೀತಿದಾವೆ. ಎಮ್ಮೆಗಳು ನೆರಳಲ್ಲಿ ಮುಳುಗಿ ಕೂತಿದಾವೆ. ನೀನು ಇಲ್ಲೇ ಸೇತುವೆ ಸುತ್ಕೊಂಡು ಹರಟೆ ಹೊಡಿ, ಪಾಪ, ನಿಂಗೆ ಪುರುಸೊತ್ತೆಲ್ಲಿ."

ಚಿಂಗ್‌ಗೆ ಚುರುಕ್ ಅಂತು. ಓಡಿದ್ಲು, ಓಡಿದ್ಲು, ಬೆಟ್ಟದ ತುದೀಗಂಟ ಓಡಿ ಬಗ್ಗಿ ನೋಡಿದ್ಲು. ಅಬ್ಬಾ, ಎಷ್ಟು ಕೆಳಗೆ ಅಂದ್ರೆ ಎಮ್ಮೆಗಳೆಲ್ಲಾ ಎಳ್ಳುಕಾಳಿನ ಥರ ಕಾಣ್ತಿದ್ವು. ತುದೀಲಿ ನಿಂತಿದ್ದ ಬಂಡೆ ತಾತನ್ನ ಮೆಲ್ಲಗೆ ಕೇಳಿದ್ಲು, "ತಾತಾ, ಇಳಿದ್ರೆ ಮತ್ತೆ ಹತ್ತಿ ಬರಬಹುದಾ?"

ಬಂಡೆ ತಾತನಿಗೆ ಸುಳ್ಳು ಹೇಳೋಕೆ ಬರಲ್ಲ. "ನೀರಿಗೆ ಇಳಿಯೋದು ಗೊತ್ತು ಮರಿ," ಅಂದ. "ಹತ್ತೋದು ಗೊತ್ತಿಲ್ಲ."

ಅಷ್ಟೇ. ಚಿಂಗ್ ತಿರುಗಿ ಒಂದೇ ಓಟ, ಸೇತುವೆ ಕೆಳಗೆ ಬಂದು ಅವಿತ್ಕೊಂಡ್ಲು. ಮಾತೂ ಇಲ್ಲ, ಆಟಾನೂ ಇಲ್ಲ. ಆದ್ರೆ ಬೆಟ್ಟದ ಮೇಲೆ ಹಿಮ ಕರಗ್ತಾನೇ ಇತ್ತು, ಹೊಸ ನೀರು ಬರ್ತಾನೇ ಇತ್ತು, ಬಂದ ನೀರು ಹೋಗೋದಾದ್ರೂ ಎಲ್ಲಿಗೆ? ಚಿಂಗ್ ಊದ್ಕೊಂಡ್ಲು. ಮೆಟ್ಟಿಲು ಮುಳುಗ್ತು. ದೋಣಿಗಳು ಜನರ ಹೊಸ್ತಿಲಿಗೇ ಬಂದು ಬಾಗಿಲು ತಟ್ಟಿದ್ವು. ಕೊನೆಗೆ ಲ್ಯಾನ್ ಅಜ್ಜಿ ಒಲೆ ಚುಂಯ್ ಅಂತ ಆರೋಯ್ತು.

ಅಜ್ಜಿ ಅಕ್ಕಿ ಗಡಿಗೇನ ಮಡಿಲಲ್ಲಿ ಇಟ್ಕೊಂಡು ಮಂಚದ ಮೇಲೆ ಕೂತು, ಏನಾಯ್ತೇ ನಿಂಗೆ ಅಂತ ಕೇಳಿದ್ಲು. ಚಿಂಗ್ ಅಳ್ತಾ ಎಲ್ಲಾ ಹೇಳಿದ್ಲು. ಅತ್ತಿದ್ದಕ್ಕೆ ನೀರು ಇನ್ನೂ ಏರ್ತು.

"ಹೋದ್ರೆ ವಾಪಸ್ ಬರೋಕಾಗಲ್ಲ ಅಜ್ಜಿ. ಹೋಗ್ದಿದ್ರೆ ನಿನ್ನ ಮನೆ ಮುಳುಗುತ್ತೆ."

ಅಜ್ಜಿ ಗಡಿಗೆ ಎತ್ಕೊಂಡು ಎದ್ಲು. "ಹಾಗೇ ಕಳಿಸಿಬಿಡ್ತೀನಾ ನಿನ್ನ?" ಅಂದ್ಲು. "ಅಕ್ಕಿ ನೀರು ಹುಯ್ಯದೆ?"

ಗಾಳಿಗೆ ನಗು ತಡೀಲಿಲ್ಲ. ಅಲ್ಲಾ ಅಜ್ಜಿ, ಹೊಳೆಗೆ ಕಾಲೆಲ್ಲಿದೆ, ಎಲ್ಲಿಗೆ ಹುಯ್ತೀಯಾ ಅಂತ ಕಿಚಾಯಿಸ್ತು.

"ಅವಳಿಗೆ ಮೈಯೆಲ್ಲಾ ಕಾಲೇ," ಅಂದ್ಲು ಅಜ್ಜಿ.

ಒಂದು ಹಿಡಿ ತೊಳೆದು ಹುಯ್ದ್ಲು. ಅಷ್ಟು ದೊಡ್ಡ ಹೊಳೇಲಿ ಅದು ಎಲ್ಲಿ ಹೋಯ್ತೋ, ಕಾಣಲೇ ಇಲ್ಲ. ಇನ್ನೊಂದು ಹಿಡಿ ಹುಯ್ದ್ಲು, ಅದೂ ಕಾಣಲಿಲ್ಲ. ಆಗ ಅಜ್ಜಿ ಇಡೀ ಗಡಿಗೇನೇ ಬುಟ್ಟಿಗೆ ಸುರಿದು, ಮೊಣಕಾಲುದ್ದ ನೀರಲ್ಲಿ ನಿಂತು ತೊಳೆಯೋಕೆ ಶುರು ಮಾಡಿದ್ಲು. ಅದನ್ನ ನೋಡಿ ಪಕ್ಕದ ಮನೆಯವರು ತಮ್ಮ ಗಡಿಗೆ ತಂದ್ರು, ಎದುರು ಮನೆಯವರು ತಂದ್ರು, ಹುಯಿ ಬಾತುಕೋಳಿಗಳನ್ನ ಕಂಕುಳಲ್ಲಿ ಇಟ್ಕೊಂಡೇ ತಂದ. ಊರಿಗೆ ಊರೇ ಅಕ್ಕಿ ತೊಳೀತು. ಚಿಂಗ್ ತಲೆಯಿಂದ ಬಾಲದ ತನಕ ಬೆಳ್ಳಗಾದ್ಲು, ಎಲ್ಲರ ಮನೆ ಅಕ್ಕಿ ವಾಸನೆ ಅವಳಿಗೆ.

ಹೊರಟ್ಲು. ಬೆಟ್ಟದ ತುದಿಗೆ ಬಂದ್ಲು. ಕಣ್ಣು ಮುಚ್ಚಿ, ಧುಮ್ಮಿಕ್ಕಿದ್ಲು.

ಅರ್ಧ ದಾರೀಲಿ ಮಾತ್ರ ತಡ್ಕೊಳ್ಳೋಕಾಗಲಿಲ್ಲ, ಒಂದು ಸಲ ಹಿಂದೆ ತಿರುಗಿ ನೋಡಿಬಿಟ್ಲು. ಅವಳ ಮೈಯೆಲ್ಲಾ ಕೆಳಗೆ ಹೋಯ್ತು, ತಿರುಗಿ ನೋಡಿದ ಅಷ್ಟು ಮಾತ್ರ ಹೋಗಲಿಲ್ಲ. ಪುಡಿಪುಡಿಯಾಗಿ, ಹೊಗೆಯಷ್ಟು ಹಗುರಾದ ತುಂತುರಾಗಿ, ನಡುವೇನೇ ನಿಂತ್ಕೊಳ್ತು. ಆಗ ನಕ್ಕಿದ್ದ ಗಾಳೀನೇ ಬಂದು ಅದನ್ನ ಎತ್ಕೊಂಡು ಮೇಲಕ್ಕೆ ತಂತು.

ಬೆಟ್ಟದ ತುದೀಲಿ ಲ್ಯಾನ್ ಅಜ್ಜಿ ಖಾಲಿ ಬುಟ್ಟಿ ಹಿಡ್ಕೊಂಡು ನಿಂತಿದ್ಲು. ಅವಳ ಮುಖ ತಣ್ಣಗೆ ಒದ್ದೆ ಆಯ್ತು. ಅಜ್ಜಿ ಒರೆಸ್ಕೊಳ್ಳಲಿಲ್ಲ.

"ಬಂದ್ಯಾ ತುಂಟಿ?" ಅಂದ್ಲು.

ಕೆಳಗೆ ಬಾತುಮರಿಗಳು ಈಜಿದ್ವು, ಎಮ್ಮೆಗಳು ಕತ್ತಿನ ತನಕ ಮುಳುಗಿದ್ವು. ಚಿಂಗ್ ದೂರ ದೂರ ಹೋದ್ಲು. ದಾರೀಲಿ ಎಲ್ಲಾದ್ರೂ ತನ್ನೂರಿನ ಥರದ್ದೇ ಊರು, ಕಲ್ಲಿನ ಸೇತುವೆ, ನೀರಿಗಿಳಿಯೋ ಮೆಟ್ಟಿಲು ಕಂಡ್ರೆ ಮೆಲ್ಲಗಾಗ್ತಿದ್ಲು, ಮೆಟ್ಟಿಲನ್ನ ಒಂದು ಸಲ ಮುಟ್ಟಿ, ಆಮೇಲೆ ಮುಂದೆ ಹೋಗ್ತಿದ್ಲು. ಅವಳ ತುಂತುರು ಮಾತ್ರ ದಿನಾ ಬೆಟ್ಟ ಹತ್ತಿ ಅಜ್ಜಿ ಮುಖ ಮುಟ್ಟಿ ಬರ್ತಿತ್ತು.

ಒಂದು ಬೆಳಿಗ್ಗೆ ಅಲ್ಲಿ ಅಜ್ಜಿ ಇರ್ಲಿಲ್ಲ. ಮಾರನೇ ದಿನಾನೂ ಇರ್ಲಿಲ್ಲ. ಅಜ್ಜಿಗೆ ತುಂಬಾ ವಯಸ್ಸಾಗಿತ್ತು ಅಂತ ತುಂತುರಿಗೆ ಯಾರೂ ಹೇಳಲಿಲ್ಲ, ಹೇಳೋ ಧೈರ್ಯ ಬಂಡೆ ತಾತನಿಗೂ ಬರಲಿಲ್ಲ. ಅದು ಹತ್ತಿ ಬರೋದನ್ನ ಬಿಡಲೇ ಇಲ್ಲ.

ಅದಕ್ಕೇ ಇವತ್ತಿಗೂ ನೀವು ಚೀನಾ ನೋಡೋಕೆ ಹೋಗಿ, ಜಲಪಾತದ ಮುಂದೆ ತೆಳು ರೈನ್‌ಕೋಟ್ ಹಾಕ್ಕೊಂಡು ನಿಂತ್ರೆ, ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗೆ ಬೀಳ್ತಿರುತ್ತೆ, ತುಂತುರು ಮಾತ್ರ ಮೇಲಕ್ಕೇರಿ ಬಂದು, ಕೊಡೆ ಕೆಳಗೂ ನುಗ್ಗಿ, ನಿಮ್ಮ ಹಣೆ, ಮೂಗು, ಕೆನ್ನೆ ಎಲ್ಲಾ ಸವರಿ ನೋಡುತ್ತೆ, ಇದು ಲ್ಯಾನ್ ಅಜ್ಜಿ ಮುಖ ಇರಬಹುದಾ ಅಂತ.