ಹದ್ದು ಕೂತ ಜಾಲಿಕೊಂಬೆ

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗಗಳೆಲ್ಲ ಒಂದಾಗಿ ಬಾಳಿದ ಕಾಲವೊಂದಿತ್ತು. ಸಂಜೆಗಾಳಿಗೆ ಅಷ್ಟೂ ಗೂಡುಗಳು ತೊಟ್ಟಿಲಿನಂತೆ ತೂಗಿದರೆ ಮುದುಕಿ ಗೀಜಗಕ್ಕೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಆಮೇಲೆ ಅವಳ ಮಗಳು, “ಕಾಳೆಲ್ಲ ಒಂದೇ ಗೂಡಲ್ಲಿ ರಾಶಿ ಹಾಕಿ ಎಲ್ಲರೂ ಹಂಚಿಕೊಂಡು ತಿನ್ನೋಣ,” ಎಂದಳು. ಮಗ, “ನಾನು ತಂದ ಕಾಳು ನನ್ನ ಗೂಡಿಗೇ,” ಎಂದ. ಮರ ಎರಡು ಪಾಲಾಯಿತು. ಮಗಳ ಕಡೆಯವರು ಹೆಚ್ಚುತ್ತಿದ್ದಂತೆ ಮಗ ಗುಡ್ಡದಾಚೆಯ ಹದ್ದನ್ನು ಕರೆತಂದ.

“ನಿನ್ನ ತಂಗಿ ಮೊಟ್ಟೆ ಇಟ್ಟಿದ್ದಾಳೆ ಕಣೋ!” ಎಂದಳು ಮುದುಕಿ.

“ಇವರು ರಾಶಿ ಚೆದುರಿಸಿ ಹೋಗ್ತಾರೆ ಅಷ್ಟೇ, ಸುಮ್ನಿರವ್ವ.”

ಮುದುಕಿ ಹದ್ದಿಗೆ ತಲೆಬಾಗಿದಳು. “ದೊಡ್ಡವರೇ, ಹಾವು ಬೆಕ್ಕು ಬರಬಾರದೆಂದೇ ನಾವು ಎಳೆ ಕೊಂಬೆಯ ತುದಿಗೆ ಮನೆ ಕಟ್ಟೋದು. ಇದು ನಿಮ್ಮ ಭಾರ ತಡೆಯಲ್ಲ. ಕಾಳು ಬೇಕಿದ್ದರೆ ಎಲ್ಲಾ ತಗೊಂಡು ಹೋಗಿ.”

“ಕಾಳು ಯಾರಿಗೆ ಬೇಕಜ್ಜಿ? ಈ ರಾಶಿಯ ಮಾತು ನಮ್ಮ ಗುಡ್ಡಕ್ಕೆ ಹಬ್ಬಬಾರದು, ಅದಕ್ಕೇ ಬಂದೆ,” ಎನ್ನುತ್ತಾ ಹದ್ದು ಕೂತೇಬಿಟ್ಟಿತು.

ಕೊಂಬೆ ಲಟಕ್ಕನೆ ಮುರಿಯಿತು. ಅದೇ ಕೊಂಬೆಗೆ ತೂಗುತ್ತಿದ್ದ ಮಗಳ ಗೂಡೂ ಮಗನ ಗೂಡೂ ಮೊಟ್ಟೆಗಳ ಸಮೇತ ಬಾವಿಗೆ ಬಿದ್ದವು.

“ರಾಶಿಯಂತೂ ಹೋಯಿತಲ್ಲ,” ಎಂದು ಹದ್ದು ಹಾರಿಹೋಯಿತು.

ಅಣ್ಣತಂಗಿ ಬಾವಿಕಟ್ಟೆಯ ಮೇಲೆ ಅಕ್ಕಪಕ್ಕ ಕೂತು ಚೀರಿದರು. ಮುದುಕಿ ಬಗ್ಗಿ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿದಳು. ರೆಕ್ಕೆ ಬಲಿಯದ ದಿನಗಳಲ್ಲಿ ಇಬ್ಬರೂ ಒಂದೇ ಗೂಡಿನಿಂದ ಬಾಯಿ ತೆರೆದು ಹೀಗೇ ಕೂಗುತ್ತಿದ್ದರು. ಯಾವ ದನಿ ಯಾರದೆಂದು ಆಗಲೂ ಅವಳಿಗೆ ತಿಳಿಯುತ್ತಿರಲಿಲ್ಲ.